ಬೇಸಿಗೆಯ ಪ್ರವಾಸಕ್ಕೆ ಬುತ್ತಿ

ಪರೀಕ್ಷೆಗಳು ಮುಗಿದು ಶಾಲೆಗಳಿಗೆ ರಜೆ ಬಂತೆಂದರೆ ಮಕ್ಕಳ ಮೊದಲ ಬೇಡಿಕೆ ಪ್ರವಾಸ. ಹಿಂದೆ ಅದು ಜಾತ್ರೆಗೋ ಸೋದರಮಾವನ ಊರಿಗೋ ಹೋಗಿ ಬರುವಲ್ಲಿಗೆ ಮುಗಿಯುತ್ತಿತ್ತು. ಈಗ ಕೂಡಲಸಂಗಮದ ದರ್ಶನ ಮುಗಿಸಿದ ಕುಟುಂಬವು ಆಲಮಟ್ಟಿಯ ರಾಕ್ ಗಾರ್ಡನ್ನಿಗೆ ಹೋಗುತ್ತದೆ. ಹಾವೇರಿ ಜಿಲ್ಲೆಯ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕಿನ ಶಿಲ್ಪಗಳ ನಡುವೆ ಅರ್ಧ ದಿನ ಕಳೆಯುತ್ತದೆ. ಅನುಕೂಲವಿದ್ದವರು ಬಿಡದಿಯ ವಂಡರ್‌ಲಾಕ್ಕೋ ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕಿಗೋ ತೆರಳುತ್ತಾರೆ. ಮಕ್ಕಳೊಡನೆ ಹಿರಿಯರೂ ಒಂದು ದಿನ ಹಗುರಾಗುವುದು ಸಂತೋಷದ ಸಂಗತಿಯೇ. ಆದರೆ ಇಂಥ ಪ್ರವಾಸದ ರಾತ್ರಿಯೋ ಮರುದಿನವೋ ವಾಂತಿ, ಭೇದಿ, ತಲೆಸುತ್ತು ಎಂದು ಬರುವವರನ್ನು ಪ್ರತಿ ಬೇಸಿಗೆಯಲ್ಲಿಯೂ ಕಾಣುತ್ತಿರುವುದರಿಂದ ಈ ತಿಂಗಳು ಬುತ್ತಿಯ ಕುರಿತು ಬರೆಯುವುದು ಉಚಿತವೆನಿಸಿತು.

ಒಂದು ಪ್ರಸಂಗವನ್ನು ಹೇಳಿ ಮುಂದುವರಿಯುತ್ತೇನೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ನಮ್ಮ ಊರಿನ ಭಕ್ತ ಕುಟುಂಬವೊಂದು ಹದಿನಾಲ್ಕು ಜನ ಸೇರಿ ನೀರಿನ ಆಟಗಳಿರುವ ಉದ್ಯಾನವೊಂದಕ್ಕೆ ಹೋಗಿತ್ತು. ಮನೆಯ ಹಿರಿಯ ತಾಯಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ಕಾಯಿತುರಿ ಹಾಕಿದ ಚಿತ್ರಾನ್ನವನ್ನು ದೊಡ್ಡ ಡಬ್ಬಿಯ ತುಂಬ ಕಟ್ಟಿದ್ದರು. ಡಬ್ಬಿಯು ಹಗಲೆಲ್ಲ ವಾಹನದಲ್ಲಿಯೇ ಇತ್ತು. ಮಧ್ಯಾಹ್ನ ಎಲ್ಲರೂ ಸ್ವಲ್ಪ ಸ್ವಲ್ಪ ಉಂಡರು. ಉಳಿದದ್ದನ್ನು ಆ ತಾಯಿ ಚೆಲ್ಲಲಿಲ್ಲ. ಪ್ರಸಾದವನ್ನು ಮಣ್ಣಿಗೆ ಹಾಕಬಾರದೆಂದು ಸಂಜೆ ಏಳರ ಸುಮಾರಿಗೆ, ಮರಳುವ ದಾರಿಯಲ್ಲಿ, ಮೂವರು ಮೊಮ್ಮಕ್ಕಳಿಗೆ ಉಣಿಸಿ ತಾವೂ ಉಂಡರು. ಹತ್ತು ಗಂಟೆಗೆಲ್ಲ ನಾಲ್ವರಿಗೂ ವಾಂತಿ. ಅಷ್ಟರಲ್ಲಿ ಮನೆ ತಲುಪಿದ್ದವರು ನನ್ನಲ್ಲಿಗೆ ಬಂದರು. ನಾಲ್ಕು ವರ್ಷದ ಮಗುವಿನ ಹೊಟ್ಟೆಯಲ್ಲಿ ಒಂದು ಗುಟುಕು ನೀರೂ ನಿಲ್ಲುತ್ತಿರಲಿಲ್ಲ, ಕಣ್ಣು ಗುಳಿಬಿದ್ದಿದ್ದವು. ಅಂಥ ಸ್ಥಿತಿಯಲ್ಲಿ ಕಷಾಯ ಕೊಟ್ಟು ಕುಳಿತಿರುವುದು ವೈದ್ಯನ ಧರ್ಮವಲ್ಲ. ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ಸಲೈನ್ ಏರಿಸಿದ ಮೇಲೆ ಮಗು ಚೇತರಿಸಿಕೊಂಡಿತು.

ಆ ತಾಯಿಯದು ಅಸಡ್ಡೆಯಲ್ಲ, ಅನ್ನದ ಮೇಲಿನ ಗೌರವ. ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ನಮ್ಮಲ್ಲಿ ಅದನ್ನು ಎಸೆಯಲು ಕೈ ಬರುವುದಿಲ್ಲ. ಆದರೆ ಕೆಟ್ಟ ಅನ್ನ ಪ್ರಸಾದವಲ್ಲವೆಂಬುದನ್ನು ನಾನು ಸ್ಪಷ್ಟವಾಗಿಯೇ ಹೇಳಬೇಕಾಗಿದೆ. ಪ್ರಸಾದಕ್ಕೆ ಅಪಚಾರವಾಗಬಾರದೆಂದರೆ ಸಂಜೆಗೆ ಉಳಿಯದಷ್ಟು ಅಳತೆಯಲ್ಲಿ ಬೆಳಿಗ್ಗೆಯೇ ಅಡುಗೆ ಮಾಡಬೇಕು. ಹದಿನಾಲ್ಕು ಜನರಿಗೆ ಇಪ್ಪತ್ತು ಜನರ ಅನ್ನ ಕಟ್ಟುವುದು ನಮ್ಮ ಮನೆಗಳ ವಾಡಿಕೆ. ಬಿಸಿಲಿನಲ್ಲಿ ಅಲೆದವರು ಮನೆಯಲ್ಲಿ ಉಣ್ಣುವುದರ ಅರ್ಧದಷ್ಟನ್ನೂ ಉಣ್ಣುವುದಿಲ್ಲವೆಂಬುದು ಕಟ್ಟುವವರ ಗಮನಕ್ಕೆ ಬರುವುದಿಲ್ಲ.

ಅನ್ನವು ಕೆಡುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಬೆಂದ ಅನ್ನವು ಬೆಚ್ಚಗೆ, ತೇವವಾಗಿ, ಮುಚ್ಚಿದ ಡಬ್ಬಿಯಲ್ಲಿ ಕುಳಿತಾಗ ಅವು ಮೊಳೆತು ವೃದ್ಧಿಯಾಗಿ ವಿಷವನ್ನು ಬಿಡುತ್ತವೆ. ಆ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಉಂಡ ಒಂದರಿಂದ ಆರು ತಾಸುಗಳಲ್ಲಿ ವಾಂತಿ ಪ್ರಾರಂಭವಾಗುತ್ತದೆ. ಅನ್ನಕ್ಕೆ ವಾಸನೆ ಬಂದಿರಬೇಕೆಂದೇನೂ ಇಲ್ಲ. ಆದ್ದರಿಂದ "ಮೂಸಿ ನೋಡಿದೆ, ಚೆನ್ನಾಗಿಯೇ ಇತ್ತು" ಎಂಬ ಮಾತು ಪ್ರಮಾಣವಾಗಲಾರದು. ಬೇಯಿಸಿದ ತೇವದ ಆಹಾರವನ್ನು ಹೊರಗಿಟ್ಟರೆ ಎರಡು ತಾಸಿನೊಳಗೆ ತಿನ್ನಬೇಕು. ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ಮೀರಿದ ದಿನ ಒಂದೇ ತಾಸು ಎಂಬುದು ಆಹಾರ ಸುರಕ್ಷತೆಯ ನಿಯಮ. ನಮ್ಮ ಕಡೆಯ ಏಪ್ರಿಲ್ ಬಿಸಿಲಂತೂ ಸರಾಗವಾಗಿ 38 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ವಾಹನದ ಒಳಗೆ ಒಂದು ತಾಸಿನಲ್ಲಿ ಅದು 50 ಡಿಗ್ರಿಯನ್ನೂ ಮೀರುತ್ತದೆ. ಕಾಯಿತುರಿ, ಬೇಯಿಸಿದ ಆಲೂಗಡ್ಡೆಯ ಪಲ್ಯ, ಹಸಿ ಕಾಯಿಚಟ್ನಿ, ಪನೀರು ಇವು ಮೊದಲು ಕೆಡುವ ಪದಾರ್ಥಗಳು. ಹುಣಸೆಯ ಹುಳಿಯೂ ಎಣ್ಣೆಯೂ ಇರುವ ಪುಳಿಯೋಗರೆ ಸ್ವಲ್ಪ ತಡೆಯುತ್ತದೆ, ಆದರೆ ಅದೂ ಸಂಜೆಯವರೆಗಿನ ಆಹಾರವಲ್ಲ.

ಹಾಗಾದರೆ ಏನನ್ನು ಒಯ್ಯಬೇಕು? ನಮ್ಮ ಹಿರಿಯರು ಚಕ್ಕಡಿ ಹೂಡಿಕೊಂಡು ಮೂರು ನಾಲ್ಕು ದಿನದ ಜಾತ್ರೆಗೆ ಹೋಗುತ್ತಿದ್ದಾಗ ಕಟ್ಟುತ್ತಿದ್ದ ಬುತ್ತಿಯನ್ನು ನೆನಪಿಸಿಕೊಳ್ಳಿರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಮಾದಲಿ, ಪುಟಾಣಿ, ಚುರುಮುರಿ. ಇವೆಲ್ಲವೂ ನೀರಿನ ಅಂಶ ತೀರ ಕಡಿಮೆಯಿರುವ ಪದಾರ್ಥಗಳು. ನೀರಿಲ್ಲದಲ್ಲಿ ಸೂಕ್ಷ್ಮಜೀವಿ ಬೆಳೆಯದು. ಒಣ ಪದಾರ್ಥವನ್ನು ಬೇರೆಯಾಗಿ, ನೀರನ್ನು ಬೇರೆಯಾಗಿ ಒಯ್ದು, ತಿನ್ನುವ ಹೊತ್ತಿಗೆ ಅವೆರಡನ್ನೂ ಕೂಡಿಸಿಕೊಳ್ಳುವುದು ಆ ಬುತ್ತಿಯ ಮರ್ಮ. ಇದನ್ನೊಂದು ಹಿಡಿದುಕೊಂಡರೆ ಇಂದಿನ ಪ್ರವಾಸದ ಬುತ್ತಿಯನ್ನೂ ಯಾರು ಬೇಕಾದರೂ ಯೋಜಿಸಬಹುದು.

ಇದಕ್ಕೆ ಶಾಸ್ತ್ರದಲ್ಲಿಯೇ ಒಂದು ಸುಂದರವಾದ ಉದಾಹರಣೆಯಿದೆ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿ ಗ್ರೀಷ್ಮ ಋತುವಿಗೆ ಹೇಳಿದ ಪಾನೀಯಗಳಲ್ಲಿ 'ಮಂಥ' ಒಂದು. ಹುರಿದ ಧಾನ್ಯದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಸಕ್ಕರೆ ಬೆರೆಸಿ, ಕಡೆದು ಕುಡಿಯುವುದು. ನಮ್ಮ ಮನೆಗಳಲ್ಲಿ ಪಂಚಮಿಗೆ ಜೋಳದ ಅರಳು ಹುರಿಯುತ್ತೇವಲ್ಲವೆ? ಆ ಅರಳನ್ನು ಬೀಸಿ ಹಿಟ್ಟು ಮಾಡಿ, ಪುಡಿ ಸಕ್ಕರೆ ಅಥವಾ ಬೆಲ್ಲದ ಪುಡಿ, ಒಂದಿಷ್ಟು ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ಒಣ ಡಬ್ಬಿಯಲ್ಲಿ ಒಯ್ಯಿರಿ. ಬಿಸಿಲೇರಿದಾಗ ಒಂದು ಲೋಟ ತಣ್ಣೀರಿಗೆ ಎರಡು ದೊಡ್ಡ ಚಮಚ ಹಾಕಿ ಕಲಕಿದರೆ ಐದು ನಿಮಿಷದಲ್ಲಿ ಹಸಿವೆಯೂ ನೀರಡಿಕೆಯೂ ಶಮನವಾಗುತ್ತವೆ. ಅರಳು ದೊರೆಯದಿದ್ದರೆ ಪುಟಾಣಿ ಹಿಟ್ಟಾಗಬಹುದು. ಈ ಪುಡಿ ವಾಹನದಲ್ಲಿ ದಿನವಿಡೀ ಕುಳಿತರೂ ಕೆಡದು. ಬಣ್ಣಬಣ್ಣದ ಬಾಟಲಿಗಳಲ್ಲಿ ಸಿಗುವ ಗುಳ್ಳೆಯ ಪಾನೀಯಗಳಿಗೆ ಹೋಲಿಸಿದರೆ ಇದು ಅಗ್ಗವೂ ಹೌದು.

ಶಾಸ್ತ್ರದ ಮಾತು ಬಂದುದರಿಂದ ಒಂದು ಸಂದೇಹವನ್ನು ಪರಿಹರಿಸಬೇಕು. ಅಷ್ಟಾಂಗಹೃದಯದ ಋತುಚರ್ಯಾಧ್ಯಾಯವು ಗ್ರೀಷ್ಮದಲ್ಲಿ ಉಪ್ಪು, ಹುಳಿ, ಖಾರ, ವ್ಯಾಯಾಮ ಮತ್ತು ಬಿಸಿಲನ್ನು ವರ್ಜಿಸಬೇಕೆನ್ನುತ್ತದೆ. ಮಧುರವೂ ಲಘುವೂ ಸ್ನಿಗ್ಧವೂ ಶೀತವೂ ದ್ರವವೂ ಆದ ಆಹಾರವನ್ನು ಸೇವಿಸಬೇಕೆನ್ನುತ್ತದೆ. ಇದನ್ನು ಓದಿದ ಕೆಲವರು ಬೇಸಿಗೆಯಲ್ಲಿ ಉಪ್ಪನ್ನೇ ಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ವಚನವನ್ನು ಪೂರ್ತಿಯಾಗಿ ಓದಬೇಕು. ಬಿಸಿಲನ್ನೂ ಶ್ರಮವನ್ನೂ ಬಿಟ್ಟು ನೆರಳಿನಲ್ಲಿರುವವನಿಗೆ ಉಪ್ಪು ಕಡಿಮೆ ಸಾಕು. ಆರು ತಾಸು ಬಿಸಿಲಿನಲ್ಲಿ ಸಾಲು ನಿಂತು, ಓಡಾಡಿ, ಅಂಗಿ ತೊಯ್ಯುವಷ್ಟು ಬೆವರಿದವನ ದೇಹದಿಂದ ನೀರಿನೊಂದಿಗೆ ಉಪ್ಪೂ ಹೋಗಿರುತ್ತದೆ. ಅವನು ಬರಿಯ ನೀರನ್ನೇ ಕುಡಿಯುತ್ತಿದ್ದರೆ ಮಾಂಸಖಂಡಗಳು ಸೆಟೆಯುತ್ತವೆ, ತಲೆ ನೋಯುತ್ತದೆ. ಅಂಥವನಿಗೆ ಉಪ್ಪು ಪಥ್ಯವೇ. ಆದರೆ ಕುರುಕಲು ತಿಂಡಿಯ ಪೊಟ್ಟಣದಿಂದ ಅದನ್ನು ಪಡೆಯಬಾರದು. ಅದು ನೀರಡಿಕೆಯನ್ನು ಹೆಚ್ಚಿಸುತ್ತದೆಯೇ ಹೊರತು ನೀರನ್ನು ಕೊಡುವುದಿಲ್ಲ.

ಮಜ್ಜಿಗೆಯ ವಿಷಯದಲ್ಲಿಯೂ ಇಂಥದೇ ವಿವೇಚನೆ ಬೇಕು. ಉಷ್ಣಕಾಲದಲ್ಲಿ ತಕ್ರವನ್ನು ಕೊಡಬಾರದೆಂದು ಶಾಸ್ತ್ರವಚನವಿದೆಯೆಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಹುಳಿ ಬಂದ ಮಜ್ಜಿಗೆ ಪಿತ್ತವನ್ನು ಕೆರಳಿಸುವುದೇ ಅದಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ. ಅಂದಿನ ಸಿಹಿ ಮೊಸರನ್ನು ಕಡೆದು, ಮೂರು ನಾಲ್ಕು ಪಟ್ಟು ನೀರು ಬೆರೆಸಿ, ಜೀರಿಗೆ, ಕೊತ್ತಂಬರಿ, ಸ್ವಲ್ಪ ಉಪ್ಪು ಸೇರಿಸಿದ ತೆಳು ಮಜ್ಜಿಗೆಯಿಂದ ಕೇಡಾದುದನ್ನು ನಾನು ಕಂಡಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಮಾಡಿದ ಮಜ್ಜಿಗೆ ಮಧ್ಯಾಹ್ನಕ್ಕೆ ಹುಳಿಯಾಗಿರುತ್ತದೆ. ಅದಕ್ಕಾಗಿ ಹಿಂದಿನ ರಾತ್ರಿಯೇ ಎರಡು ಬಾಟಲಿಗಳಲ್ಲಿ ಮುಕ್ಕಾಲು ಭಾಗ ನೀರು ತುಂಬಿ ಫ್ರಿಜ್ಜಿನ ಹಿಮಪೆಟ್ಟಿಗೆಯಲ್ಲಿ ಗಟ್ಟಿಯಾಗಿಸಿರಿ. ಪೂರ್ತಿ ತುಂಬಬಾರದು, ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಆ ಎರಡರ ನಡುವೆ ಮಜ್ಜಿಗೆಯ ಬಾಟಲಿಯನ್ನಿಟ್ಟು ದಪ್ಪ ಟವೆಲ್ಲಿನಲ್ಲಿ ಸುತ್ತಿದರೆ ಮಧ್ಯಾಹ್ನದವರೆಗೂ ತಣ್ಣಗಿರುತ್ತದೆ. ಕರಗಿದ ನೀರು ಕುಡಿಯಲೂ ಆಗುತ್ತದೆ.

ನಿಂಬೆಯ ಪಾನಕಕ್ಕೆ ಜೇನುತುಪ್ಪ ಹಾಕುವುದು ಈಚೆಗೆ ರೂಢಿಯಾಗಿದೆ. ಬಿಸಿಲಿನಿಂದ ಬಳಲಿದವನಿಗೆ ಜೇನು ಹಿತವಲ್ಲವೆಂದು ಚರಕರು ಎಚ್ಚರಿಸಿದ್ದಾರೆ. ಸಕ್ಕರೆ ಅಥವಾ ಬೆಲ್ಲವೇ ಸಾಕು.

ಇನ್ನು ದಿನದ ಕ್ರಮ. ಹೊರಡುವಾಗ ಮನೆಯಲ್ಲಿಯೇ ಬಿಸಿ ಉಪ್ಪಿಟ್ಟೋ ಇಡ್ಲಿಯೋ ಉಂಡು ಹೊರಡುವುದು ಉತ್ತಮ. ಅನ್ನವನ್ನು ಕಟ್ಟಲೇಬೇಕೆಂದಿದ್ದರೆ ಅದು ದಾರಿಯಲ್ಲಿ ಮೊದಲ ಉಪಾಹಾರವಾಗಲಿ, ಅಲ್ಲಿಗೇ ಮುಗಿಯಲಿ. ಮಧ್ಯಾಹ್ನಕ್ಕೆ ಹಾಲಿನಲ್ಲಿ ಕಲಸಿ ಮಾಡಿದ ದಶಮಿ ಅಥವಾ ತುಪ್ಪ ಸವರಿದ ಚಪಾತಿ, ಒಣ ಚಟ್ನಿಪುಡಿ, ಜೊತೆಗೆ ಸೌತೆಕಾಯಿ. ಖಡಕ್ ರೊಟ್ಟಿ ಕೆಡದಿದ್ದರೂ ರೂಕ್ಷ, ಬಿಸಿಲಿನಲ್ಲಿ ಬಾಯಾರಿಸುತ್ತದೆ. ಚಟ್ನಿಪುಡಿಗೆ ಎರಡು ಚಮಚ ಶೇಂಗಾ ಎಣ್ಣೆ ಕಲಸಿ, ಪಕ್ಕದಲ್ಲಿ ಮಜ್ಜಿಗೆ ಇಟ್ಟುಕೊಂಡು ತಿನ್ನಬೇಕು. ಸೌತೆಕಾಯಿಯನ್ನು ಮನೆಯಲ್ಲಿ ಹೆಚ್ಚಬೇಡಿರಿ. ತೊಳೆದು ಇಡಿಯಾಗಿ ಒಯ್ದು, ತಿನ್ನುವಾಗ ಹೆಚ್ಚಿ, ಆಗಲೇ ಉಪ್ಪು ಹಾಕಬೇಕು; ಮೊದಲೇ ಹಾಕಿದರೆ ನೀರೆಲ್ಲ ಡಬ್ಬಿಗೆ ಇಳಿದುಹೋಗುತ್ತದೆ. ಮೂಸಂಬಿ, ಬಾಳೆಹಣ್ಣುಗಳಿಗೆ ದೇವರೇ ಹೊದಿಕೆ ಕೊಟ್ಟಿರುವುದರಿಂದ ಅವು ಪ್ರವಾಸಕ್ಕೆ ಬಹಳ ಯೋಗ್ಯ. ಗೇಟಿನ ಮುಂದೆ ಹೆಚ್ಚಿಟ್ಟು ಮಾರುವ ಕಲ್ಲಂಗಡಿಗೆ ನೊಣ ಕುಳಿತಿರುತ್ತದೆ. ಇಡೀ ಹಣ್ಣನ್ನು ಕೊಂಡು ಎದುರಿಗೇ ಹೆಚ್ಚಿಸಿಕೊಳ್ಳಿರಿ. ವಿಜಯಪುರದ ಒಣದ್ರಾಕ್ಷಿ ಒಂದು ಹಿಡಿ ಕಿಸೆಯಲ್ಲಿದ್ದರೆ ಸಾಲಿನಲ್ಲಿ ನಿಂತ ಮಗುವಿನ ಹಟ ಅಲ್ಲಿಗೇ ಶಾಂತವಾಗುತ್ತದೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಮಾತ್ರ ಇಡಿ ಶೇಂಗಾ, ಪುಟಾಣಿ ಕೊಡಬಾರದು; ಓಡುತ್ತ ನಗುತ್ತ ತಿನ್ನುವಾಗ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ತಿರುಗುವ, ಎತ್ತಿ ಇಳಿಸುವ ಆಟಗಳಿಗೆ ಹೊಟ್ಟೆ ತುಂಬಿಕೊಂಡು ಹೋಗದೆ ಒಂದು ತಾಸು ಬಿಡುವುದು ಲೇಸು.

ಕೆಲವು ಉದ್ಯಾನಗಳಲ್ಲಿ ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ. ಹೊರಡುವ ಮುನ್ನ ದೂರವಾಣಿಯಲ್ಲಿ ಕೇಳಿಕೊಳ್ಳಿರಿ. ಮಧ್ಯದಲ್ಲಿ ಹೊರಬಂದು ಮತ್ತೆ ಪ್ರವೇಶಿಸಲು ಅವಕಾಶವಿದೆಯೇ, ಎಳೆಯ ಮಕ್ಕಳ ಮತ್ತು ರೋಗಿಗಳ ಆಹಾರಕ್ಕೆ ವಿನಾಯಿತಿಯಿದೆಯೇ ಎಂಬುದನ್ನೂ ವಿಚಾರಿಸಿರಿ. ಬುತ್ತಿಯನ್ನು ವಾಹನದಲ್ಲಿಯೇ ಬಿಡಬೇಕಾದರೆ ಅದರಲ್ಲಿ ಒಣ ಪದಾರ್ಥ ಮತ್ತು ಇಡಿ ಹಣ್ಣುಗಳ ಹೊರತು ಬೇರೇನೂ ಇರಕೂಡದು. ಒಳಗೆ ಕೊಂಡು ತಿನ್ನುವುದಾದರೆ ಎದುರಿಗೆ ಬಿಸಿಬಿಸಿಯಾಗಿ ಮಾಡಿಕೊಡುವುದನ್ನು ಆರಿಸಿಕೊಳ್ಳಿರಿ.

ನೀರನ್ನು ಬಾಯಾರಿದಾಗ ಕುಡಿದರಾಯಿತೆಂದು ಬಿಡಬಾರದು. ಆಟದಲ್ಲಿ ಮುಳುಗಿದ ಮಗುವಿಗೆ ಬಾಯಾರಿಕೆ ತಿಳಿಯುವುದಿಲ್ಲ. ನೀರಿನ ಕೊಳದಲ್ಲಿರುವಾಗ ಬೆವರಿದ್ದೂ ತಿಳಿಯುವುದಿಲ್ಲ. ಪ್ರತಿ 20 ನಿಮಿಷಕ್ಕೊಮ್ಮೆ ಕರೆದು ನಾಲ್ಕಾರು ಗುಟುಕು ಕುಡಿಸಬೇಕು. ಔಷಧ ಅಂಗಡಿಯ ಓಆರ್‌ಎಸ್ ಪೊಟ್ಟಣಗಳು ಎರಡು ಚೀಲದಲ್ಲಿರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿಯಾಗಿ ಕಲಸಬೇಕು. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು, ಅದರಿಂದ ಮಕ್ಕಳಿಗೆ ಅಪಾಯ.

ಹಿರಿಯರನ್ನು ಕರೆದೊಯ್ಯುವವರು ಇನ್ನಷ್ಟು ಎಚ್ಚರ ವಹಿಸಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡವರ ಊಟ ಎರಡು ತಾಸು ತಡವಾದರೂ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಕಂಡಾಗ ಬಿಸಿಲಿನದೆಂದು ತಿಳಿದು ಬರಿಯ ನೀರು ಕೊಟ್ಟು ಕುಳ್ಳಿರಿಸಿದರೆ ಪ್ರಮಾದವಾಗುತ್ತದೆ. ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೂಡಲೇ ಕುಡಿಸಬೇಕು, ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಇನ್ಸುಲಿನ್ನನ್ನು ಬಿಸಿಲಿಗೆ ನಿಂತ ವಾಹನದಲ್ಲಿ ಬಿಡಬಾರದು. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಎಳನೀರು ಎಷ್ಟಾದರೂ ಒಳ್ಳೆಯದೆಂಬ ನಂಬಿಕೆ ತಪ್ಪು. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಹೃದಯದ ದೌರ್ಬಲ್ಯಕ್ಕಾಗಿ ನೀರಿನ ಮಿತಿ ಹಾಕಿಸಿಕೊಂಡವರು ತಮ್ಮ ವೈದ್ಯರನ್ನು ಕೇಳಿಯೇ ಹೊರಡಬೇಕು.

ಯಾರಾದರೂ ಬಿಸಿಲಿನಲ್ಲಿ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಪ್ರಜ್ಞೆ ತಪ್ಪುತ್ತಿದ್ದರೆ ಅದು ಪಾನಕದಿಂದ ಹೋಗುವ ಬಳಲಿಕೆಯಲ್ಲ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಸಂಜೆ ಮರಳುವಾಗ ಹೆದ್ದಾರಿಯ ಢಾಬಾದಲ್ಲಿ ಎಣ್ಣೆ ಮಸಾಲೆಗಳ ಭರ್ಜರಿ ಊಟ ಮಾಡುವುದು ಈಗಿನ ರೂಢಿ. ಬಿಸಿಲುಂಡ ದಿನ ಜಠರಾಗ್ನಿ ಮಂದವಾಗಿರುತ್ತದೆ. ಮನೆ ಮುಟ್ಟಿ ಸ್ನಾನ ಮಾಡಿ, ಹೆಸರುಬೇಳೆಯ ತೆಳು ಕಿಚಡಿಗೆ ಒಂದು ಚಮಚ ತುಪ್ಪ ಹಾಕಿಕೊಂಡು ಉಣ್ಣಿರಿ. ಅಷ್ಟು ತಾಳದಿದ್ದರೆ ಉಳಿದ ಅರಳಿನ ಹಿಟ್ಟನ್ನು ದಾರಿಯಲ್ಲಿ ಕಲಸಿಕೊಳ್ಳಬಹುದು. ಮಲಗುವ ಮುನ್ನ ಮಕ್ಕಳ ಮೂತ್ರದ ಬಣ್ಣವನ್ನು ಕೇಳಿ ತಿಳಿಯಿರಿ. ಗಾಢ ಹಳದಿಯಾಗಿದ್ದರೆ ಇನ್ನೂ ಒಂದೆರಡು ಲೋಟ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿ ಮಲಗಿಸಿರಿ.