ಸಂಬಳದಲ್ಲಿ ಕಡಿತ, ಖಾತೆಯಲ್ಲಿ ಸೊನ್ನೆ!

ತಿಂಗಳು ತಿಂಗಳೂ ಸಂಬಳದಿಂದ ಪಿ.ಎಫ್. ಅಂತ ಹಣ ಹಿಡೀತಾರೆ. ಪಾಸ್‌ಬುಕ್ ನೋಡಿದರೆ ಆರು ತಿಂಗಳಿಂದ ಒಂದು ಕಾಸೂ ಬಿದ್ದಿಲ್ಲ. ಕೇಳಿದರೆ ಸಿಗುವ ಉತ್ತರ ಎಲ್ಲ ಕಡೆ ಒಂದೇ: "ಸ್ವಲ್ಪ ಟೈಟಾಗಿದೆ ಕಣಯ್ಯ, ಮುಂದಿನ ತಿಂಗಳು ಸೇರಿಸಿ ಕಟ್ತೀವಿ." ಕೆಲಸ ಹೋದೀತೆಂಬ ಭಯ. ನೌಕರ "ಆಯ್ತು ಸಾರ್" ಎಂದು ಸುಮ್ಮನಾಗುತ್ತಾನೆ.

ಸುಮ್ಮನಾಗಬೇಕಿಲ್ಲ. ಇದು ಬರೀ ಬಾಕಿಯಲ್ಲ, ಕಾನೂನಿನ ಕಣ್ಣಿಗೆ ನಂಬಿಕೆ ದ್ರೋಹ. ಸಂಬಳದಿಂದ ಹಿಡಿದ ಪಿ.ಎಫ್. ಹಣ ಮಾಲೀಕನನ್ನು ನಂಬಿ ಒಪ್ಪಿಸಿದ ಹಣ, ಕಟ್ಟದಿದ್ದರೆ ನುಂಗಿದ ಹಾಗೇ ಲೆಕ್ಕ ಎಂದು 1973ರಲ್ಲೇ ದಂಡ ಸಂಹಿತೆಗೆ ಸೇರಿಸಲಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲೂ ಅದೇ ಮಾತಿದೆ. ಶಿಕ್ಷೆ 5 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

"ಬ್ಯಾಂಕಿನ ಸಾಲಾನೇ ತೀರಿಲ್ಲ, ನಿಮ್ಮದೆಲ್ಲಿಂದ ತರಲಿ?" ಎನ್ನುವ ಧಣಿಗಳಿಗೆ ಸುಪ್ರೀಂ ಕೋರ್ಟು 2009ರಲ್ಲಿ ಉತ್ತರ ಕೊಟ್ಟಿದೆ. ಅದು ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳ ವ್ಯಾಜ್ಯ. ಗೋದಾಮಿನ ಸಕ್ಕರೆ ಮೂಟೆಗಳು ರಾಜ್ಯ ಸಹಕಾರಿ ಬ್ಯಾಂಕಿಗೆ ಅಡವಾಗಿದ್ದವು. ಇತ್ತ ಕಾರ್ಮಿಕರ ಪಿ.ಎಫ್. ಬಾಕಿ. ಪಿ.ಎಫ್. ಕಚೇರಿಯವರು ಮೂಟೆಗಳನ್ನೇ ಜಪ್ತಿ ಮಾಡಿದರು. ಅಡವು ನಮ್ಮದು, ಮೊದಲ ಹಕ್ಕೂ ನಮ್ಮದೇ ಎಂದಿತು ಬ್ಯಾಂಕು. ಕೋರ್ಟು ಒಪ್ಪಲಿಲ್ಲ. ಮೊದಲು ಕಾರ್ಮಿಕರ ಪಿ.ಎಫ್., ಅದೂ ಬಡ್ಡಿ, ದಂಡ ಸಮೇತ, ಆಮೇಲೆ ಬ್ಯಾಂಕು. ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ ಊರಿನವರು ಈ ತೀರ್ಪನ್ನು ಕಟ್ಟು ಹಾಕಿಸಿ ಇಟ್ಟುಕೊಳ್ಳಬೇಕು.

ಕೆಲವು ದೊಡ್ಡ ಕಂಪನಿಗಳು ಸರ್ಕಾರದ ಅನುಮತಿ ಪಡೆದು ತಮ್ಮದೇ ಪಿ.ಎಫ್. ಟ್ರಸ್ಟ್ ನಡೆಸುತ್ತವೆ. ಟ್ರಸ್ಟಿಗಳು ಹಣವನ್ನು ಎಲ್ಲೋ ಹಾಕಿ ಮುಳುಗಿಸಿದರೆ? ನಷ್ಟ ನೌಕರನದಲ್ಲ. ಕಂಪನಿಯೇ ತುಂಬಿಕೊಡಬೇಕು. ಬಡ್ಡಿ ಕಡಿಮೆ ಬಿದ್ದರೂ ಅಷ್ಟೇ.

ಮಾಲೀಕನ ಪಾಲನ್ನೂ ನೌಕರನ ಸಂಬಳದಲ್ಲೇ ಮುರಿದುಕೊಳ್ಳುವ ಜಾಣರಿದ್ದಾರೆ. ಅದಕ್ಕೂ ಕಾನೂನಿನಲ್ಲಿ ಅವಕಾಶವಿಲ್ಲ. ಗುತ್ತಿಗೆದಾರ ಕೈಕೊಟ್ಟರೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಹೊಣೆ. ಅಂಗಡಿಯವರೂ ಗಮನಿಸಿ: ಕೆಲಸಕ್ಕೆ 20 ಜನರಿದ್ದರೆ ಬಟ್ಟೆ ಅಂಗಡಿಯಾಗಲಿ, ಹೋಟೆಲಾಗಲಿ, ಪಿ.ಎಫ್. ಕಟ್ಟಲೇಬೇಕು.

ದೂರು ಕೊಡಲು ವಕೀಲರೇ ಬೇಕೆಂದಿಲ್ಲ. ಈ ತಿಂಗಳು ಹಿಡಿದ ಹಣ ಮುಂದಿನ ತಿಂಗಳ 15ರೊಳಗೆ ಜಮಾ ಆಗಬೇಕು. ಆಗಲಿಲ್ಲವೋ, ಸಂಬಳದ ಚೀಟಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಸೇರಿಸಿ ಪಿ.ಎಫ್. ಕಚೇರಿಗೆ ಬರೆದುಕೊಡಬೇಕು. ಅಲ್ಲಿ ವಿಚಾರಣೆ ನಡೆದು ಬಾಕಿ ಎಷ್ಟೆಂದು ತೀರ್ಮಾನವಾಗುತ್ತದೆ. ಮಾಲೀಕ ಆಗಲೂ ಕಟ್ಟದಿದ್ದರೆ ಬ್ಯಾಂಕ್ ಖಾತೆ, ಆಸ್ತಿ ಜಪ್ತಿಗೆ ದಾರಿಯಿದೆ.

ಒಂದೇ ಎಚ್ಚರ. 1952ರ ಹಳೇ ಪಿ.ಎಫ್. ಕಾಯ್ದೆಯಲ್ಲಿ ಇಂಥ ವಿಚಾರಣೆಗೆ ಗಡುವಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ 5 ವರ್ಷದ ಗಡುವಿದೆ. "ರಿಟೈರ್ ಆಗುವಾಗ ನೋಡ್ಕೊಂಡ್ರಾಯ್ತು" ಎಂದು ಕೂತರೆ ಹಳೇ ಬಾಕಿ ಕೈಬಿಟ್ಟು ಹೋದೀತು.