ಅಂಗಳದ ತಾಳೆಯ ತವರನ್ನು ಅರಸಿ

ಮುಂಬಯಿ, ಪುಣೆ, ಹೈದರಾಬಾದಿನಂತಹ ನಗರಗಳ ವಸತಿ ಸಂಕೀರ್ಣಗಳಲ್ಲಿ ತಾಳೆ ಜಾತಿಯ ಒಂದೆರಡು ಮರಗಳಾದರೂ ಇಲ್ಲದ ಅಂಗಳ ಅಪರೂಪ. ಬುಡದಲ್ಲಿ ಸೀಸೆಯಂತೆ ಉಬ್ಬಿದ ಬಾಟಲ್ ಪಾಮ್, ಸುಣ್ಣ ಬಳಿದ ಕಂಬದಂತೆ ನೆಟ್ಟಗೆ ನಿಂತ ರಾಯಲ್ ಪಾಮ್, ಬಾಲ್ಕನಿಯ ಕುಂಡದಲ್ಲಿ ಹಳದಿ ತೊಟ್ಟಿನ ‘ಅರೆಕಾ ಪಾಮ್’ – ಇವುಗಳ ನಡುವೆಯೇ ನಮ್ಮ ನಿತ್ಯದ ಓಡಾಟ. ಆದರೆ ಇವು ಎಲ್ಲಿಂದ ಬಂದವು, ತವರಿನಲ್ಲಿ ಇವುಗಳ ಸ್ಥಿತಿ ಹೇಗಿದೆ ಎಂದು ಕೇಳಿಕೊಂಡವರು ನಮ್ಮಲ್ಲಿ ವಿರಳ. ಈ ಪ್ರಶ್ನೆಯನ್ನೇ ಬೆನ್ನುಹತ್ತಿ ದೇಶದಿಂದ ದೇಶಕ್ಕೆ, ದ್ವೀಪದಿಂದ ದ್ವೀಪಕ್ಕೆ ಪಯಣಿಸುವ ಜನರಿದ್ದಾರೆ. ಅವರು ಏನನ್ನು ಕಾಣಲು ಹೋಗುತ್ತಾರೆ, ಅವರ ಯಾತ್ರೆಯಿಂದ ನಾವು ತಿಳಿಯಬೇಕಾದದ್ದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ತಾಳೆಪ್ರಿಯರ ಬಳಗ

ತೆಂಗು, ಅಡಿಕೆ, ತಾಳೆ, ಈಚಲು, ಬೈನೆ, ಖರ್ಜೂರ ಇವೆಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಕುರ್ಚಿ ಹೆಣೆಯುವ ಬೆತ್ತವೂ ಇದೇ ಕುಟುಂಬದ್ದೆಂದರೆ ಹಲವರಿಗೆ ಅಚ್ಚರಿಯಾದೀತು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 2,500 ಪ್ರಭೇದಗಳಿವೆ. ಸಸ್ಯಗಳಿಗೆ ಹೆಸರಿಡುವ ಪದ್ಧತಿಯನ್ನು ರೂಪಿಸಿದ ಲಿನೇಯಸ್ ಇವುಗಳನ್ನು ಸಸ್ಯಲೋಕದ ‘ರಾಜಕುಮಾರರು’ ಎಂದು ಕರೆದನು. 1956ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಡೆಂಟ್ ಸ್ಮಿತ್ ಎಂಬವರು ತಾಳೆಪ್ರಿಯರ ಸಂಘವೊಂದನ್ನು ಸ್ಥಾಪಿಸಿದಾಗ ಅದರ ಪತ್ರಿಕೆಗೆ ಅದೇ ಅರ್ಥದ ‘ಪ್ರಿನ್ಸಿಪೀಸ್’ ಎಂಬ ಲ್ಯಾಟಿನ್ ಹೆಸರನ್ನಿಟ್ಟರು. 1999ರಿಂದ ಆ ಪತ್ರಿಕೆ ‘ಪಾಮ್ಸ್’ ಎಂಬ ಹೆಸರಿನಲ್ಲಿ ಹೊರಬರುತ್ತಿದೆ. ಅಂದು ಹುಟ್ಟಿದ ಇಂಟರ್‌ನ್ಯಾಷನಲ್ ಪಾಮ್ ಸೊಸೈಟಿಯ ಸದಸ್ಯರು ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಯಾವುದಾದರೊಂದು ದೇಶದಲ್ಲಿ ಕೂಡುತ್ತಾರೆ. ಅವರಲ್ಲಿ ಸಸ್ಯವಿಜ್ಞಾನಿಗಳೂ ಉಂಟು, ಮನೆಯ ಹಿತ್ತಿಲಲ್ಲಿ ನಾಲ್ಕು ಗಿಡ ಬೆಳೆಸುವ ಗೃಹಸ್ಥರೂ ಉಂಟು.

ಇವರು ಮರವಿದ್ದಲ್ಲಿಗೇ ಹೋಗುವುದಕ್ಕೆ ಬಲವಾದ ಕಾರಣವಿದೆ. ಬೇರೆ ಸಸ್ಯಗಳ ಎಲೆ, ಹೂಗಳನ್ನು ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟರೆ ಅಧ್ಯಯನಕ್ಕೆ ಸಾಕಾಗುತ್ತದೆ. ತಾಳೆಗಳ ವಿಷಯದಲ್ಲಿ ಇದು ಸುಲಭವಲ್ಲ. ಆಫ್ರಿಕಾದ ರಾಫಿಯಾ ಎಂಬ ತಾಳೆಯ ಒಂದೊಂದು ಗರಿಯೂ 20 ಮೀಟರಿಗಿಂತ ಉದ್ದ ಬೆಳೆಯಬಲ್ಲುದು. ಅದನ್ನು ಯಾವ ಕಾಗದದಲ್ಲಿ ಹಿಡಿದಿಡುವುದು? ಹೆಚ್ಚಿನ ತಾಳೆಗಳಿಗೆ ಕಾಂಡದ ನೆತ್ತಿಯಲ್ಲಿ ಇರುವುದು ಒಂದೇ ಒಂದು ಸುಳಿ. ಸುಳಿ ಕೊಳೆತರೆ ತೆಂಗು ಸಾಯುತ್ತದೆಂಬುದನ್ನು ನಮ್ಮ ಹಿರಿಯರು ಬಲ್ಲರು. ಮಾವಿನಂತೆ ಕಸಿ ಕಟ್ಟುವುದಾಗಲಿ, ಗುಲಾಬಿಯಂತೆ ಕಡ್ಡಿ ನೆಟ್ಟು ಬೆಳೆಸುವುದಾಗಲಿ ಇಲ್ಲಿ ಸಾಧ್ಯವಿಲ್ಲ. ಒಂಟಿ ಕಾಂಡದ ತಾಳೆಗೆ ಬೀಜವೇ ವಂಶ. ಬೀಜವಿಲ್ಲದೆ ಮರ ಹೋಯಿತೆಂದರೆ ವಂಶವೇ ಹೋದಂತೆ. ಮುಂದಿನ ಸಂಗತಿಗಳನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಉದ್ಯಾನಗಳೆಂಬ ಆಶ್ರಯತಾಣ

ತಾಳೆಪ್ರಿಯರ ಯಾತ್ರೆ ಬಹುಮಟ್ಟಿಗೆ ಉಷ್ಣವಲಯದ ಹಳೆಯ ಸಸ್ಯೋದ್ಯಾನಗಳಿಂದ ಆರಂಭವಾಗುತ್ತದೆ. ನಮಗೆ ಸಮೀಪದಲ್ಲಿರುವುದು ಶ್ರೀಲಂಕಾದ ಕ್ಯಾಂಡಿ ನಗರದ ಬಳಿಯ ಪೆರಾದೆನಿಯ ಉದ್ಯಾನ. 1821ರಲ್ಲಿ ಆರಂಭವಾದ, ಮಹಾವೇಲಿ ನದಿ ಮೂರು ಕಡೆ ಬಳಸಿ ಹರಿಯುವ ಈ ತೋಟದಲ್ಲಿ ತಾಳೆಗಳ ಸಾಲುಮರಗಳೇ ಪ್ರಧಾನ ಆಕರ್ಷಣೆ. ಕೋಲ್ಕತಾದ ಎದುರು ದಂಡೆಯ ಹಾವಡಾದಲ್ಲಿ 1787ರಲ್ಲಿ ರಾಬರ್ಟ್ ಕಿಡ್ ಸ್ಥಾಪಿಸಿದ ಸಸ್ಯೋದ್ಯಾನವೂ ತಾಳೆ ಸಂಗ್ರಹಕ್ಕೆ ಹೆಸರಾದದ್ದು. ಇದಕ್ಕೆ ಇಂದು ಆಚಾರ್ಯ ಜಗದೀಶಚಂದ್ರ ಬೋಸರ ಹೆಸರಿದೆ. ಮಾರಿಷಸ್ಸಿಗೆ ಹೋಗುವ ನಮ್ಮ ಪ್ರವಾಸಿಗರೆಲ್ಲ ದೊಡ್ಡ ತಟ್ಟೆಯಂತಹ ಎಲೆಗಳ ನೈದಿಲೆಯ ಮುಂದೆ ಫೋಟೋ ತೆಗೆಸಿಕೊಳ್ಳುವ ಪಾಂಪ್ಲೆಮೂಸ್ ಉದ್ಯಾನದಲ್ಲಿಯೂ ನೈದಿಲೆಕೊಳದ ಆಚೆ ಬಗೆಬಗೆಯ ತಾಳೆಗಳಿವೆ. ಅವುಗಳ ಬಳಿ ನಿಲ್ಲುವವರು ಮಾತ್ರ ಕಡಿಮೆ.

ಉದ್ಯಾನದ ಉಪಕಾರ ದೊಡ್ಡದು. ಹತ್ತು ದೇಶಗಳ ಮರಗಳನ್ನು ಒಂದೇ ಹಗಲಿನಲ್ಲಿ ನೋಡಿ ಹೋಲಿಸಲು ಅಲ್ಲಿ ಸಾಧ್ಯ. ಆದರೆ ಉದ್ಯಾನದ ಮರ ಒಂಟಿ. ಹಾವಡಾದ ಕಡಲತೆಂಗು ಇದಕ್ಕೆ ಸಾಕ್ಷಿ. 1894ರಲ್ಲಿ ಅಲ್ಲಿ ನೆಟ್ಟ ಆ ಗಿಡ ಹೂ ಬಿಡಲು ನೂರು ವರ್ಷಗಳಷ್ಟು ಕಾಲ ಹಿಡಿಯಿತು. ಕಡಲತೆಂಗಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಾವಡಾದ್ದು ಹೆಣ್ಣು; ಸಮೀಪದಲ್ಲೆಲ್ಲೂ ಗಂಡಿರಲಿಲ್ಲ. ಮೊದಲು ಶ್ರೀಲಂಕಾದಿಂದ, ಬಳಿಕ ಥಾಯ್ಲೆಂಡಿನಿಂದ ಪರಾಗ ತರಿಸಿ ವಿಜ್ಞಾನಿಗಳು ಕೈಯಾರೆ ಪರಾಗಸ್ಪರ್ಶ ಮಾಡಿದ ಮೇಲೆಯೇ ಅದು ಕಾಯಿ ಕಟ್ಟಿತು.

ತವರಿನಲ್ಲಿ ಕಂಡಾಗ

ಅದೇ ಕಡಲತೆಂಗನ್ನು ಹುಟ್ಟೂರಿನಲ್ಲಿ ಕಾಣಬೇಕಾದರೆ ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶದ ಪ್ರಾಲೆ ದ್ವೀಪಕ್ಕೆ ಹೋಗಬೇಕು. ಒಂದಕ್ಕೊಂದು ಅಂಟಿಕೊಂಡ ಎರಡು ತೆಂಗಿನಕಾಯಿಗಳಂತೆ ಕಾಣುವ ಇದರ ಬೀಜ ಸಸ್ಯಲೋಕದಲ್ಲಿಯೇ ಅತ್ಯಂತ ಭಾರವಾದದ್ದು. ಕಾಯಿ ಬಲಿಯಲು ಆರೇಳು ವರ್ಷ ಬೇಕು. ಹಿಂದೆ ಇದರ ಖಾಲಿ ಚಿಪ್ಪುಗಳು ಅಲೆಗಳಲ್ಲಿ ತೇಲಿ ಮಾಲ್ಡೀವ್ಸ್ ದಡ ಸೇರುತ್ತಿದ್ದವು. ಮರವನ್ನು ಕಂಡವರಿಲ್ಲದ ಕಾರಣ ಇದು ಕಡಲಿನ ತಳದಲ್ಲಿ ಬೆಳೆಯುವ ಮರದ ಕಾಯಿ ಎಂದೇ ಜನ ನಂಬಿದ್ದರು. ಫಕೀರರ ಭಿಕ್ಷಾಪಾತ್ರೆಯಾಗಿ ಈ ಚಿಪ್ಪು ನಮ್ಮ ನಾಡಿಗೂ ಬಂದಿತ್ತು. 1768ರಲ್ಲಿ ಫ್ರೆಂಚ್ ನಾವಿಕರು ಪ್ರಾಲೆ ದ್ವೀಪದಲ್ಲಿ ಮರವನ್ನು ಗುರುತಿಸಿದ ಮೇಲೆಯೇ ಗುಟ್ಟು ಬಯಲಾಯಿತು.

ಪ್ರಾಲೆಯ ‘ವಾಲೆ ದ ಮೇ’ ಕಣಿವೆ 20 ಹೆಕ್ಟೇರಿನಷ್ಟೂ ಇಲ್ಲ. 1983ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಲಾಯಿತು. ಸೇಶೆಲ್ಸ್ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದ ಆರು ತಾಳೆ ಪ್ರಭೇದಗಳೂ ಈ ಪುಟ್ಟ ಕಣಿವೆಯಲ್ಲಿ ಒಟ್ಟಾಗಿವೆ. ಕಡಲತೆಂಗಿನ ಅಗಲವಾದ ಗರಿಗಳು ಆಲಿಕೆಯಂತೆ ಮಡಿಚಿಕೊಂಡು ಮಳೆನೀರನ್ನೂ ಅದರೊಡನೆ ಬಂದ ಕಸಕಡ್ಡಿ, ಪರಾಗಗಳನ್ನೂ ತನ್ನದೇ ಬುಡಕ್ಕೆ ಇಳಿಸುತ್ತವೆ. ಸಾರವಿಲ್ಲದ ಮಣ್ಣಿನಲ್ಲಿ ಅಷ್ಟು ದೊಡ್ಡ ಬೀಜವನ್ನು ಹೊರುವ ಮರ ತನಗೆ ತಾನೇ ಗೊಬ್ಬರ ಉಣಿಸಿಕೊಳ್ಳುವ ಬಗೆ ಇದು. ಬುಡದಲ್ಲಿ ಬಿದ್ದ ಬೀಜ, ಅಲ್ಲೇ ಎದ್ದ ಸಸಿ, ತಾಳೆಗಳ ಹಣ್ಣು ತಿನ್ನಲು ಬರುವ ಕರಿ ಗಿಳಿ – ಇಷ್ಟೂ ಸೇರಿದ ಸಂಸಾರವನ್ನು ನೋಡುವುದಕ್ಕೇ ತಾಳೆಪ್ರಿಯರು ಸಾಗರ ದಾಟುತ್ತಾರೆ.

ಇನ್ನು ನಮ್ಮ ಅಂಗಳದ ಬಾಟಲ್ ಪಾಮ್. ಇದರ ತವರು ಮಾರಿಷಸ್ಸಿನ ಉತ್ತರಕ್ಕೆ ಸುಮಾರು 22 ಕಿಲೋಮೀಟರ್ ದೂರದ ರೌಂಡ್ ಐಲೆಂಡ್ ಎಂಬ ಜನವಸತಿಯಿಲ್ಲದ ಬಂಡೆದ್ವೀಪ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಬಿಟ್ಟ ಆಡು, ಮೊಲಗಳು ಮೊಳೆತ ಸಸಿಗಳನ್ನೆಲ್ಲ ಮೇಯ್ದವು, ಮಣ್ಣು ಕೊಚ್ಚಿಹೋಯಿತು. ಜಗತ್ತಿನ ತೋಟಗಳಲ್ಲಿ ಲೆಕ್ಕವಿಲ್ಲದಷ್ಟು ಬೆಳೆದ ಮರ ಸ್ವಂತ ನೆಲದಲ್ಲಿ ಬೆರಳೆಣಿಕೆಗೆ ಇಳಿದಿತ್ತು. 1979ರಲ್ಲಿ ಆಡುಗಳನ್ನೂ 1986ರಲ್ಲಿ ಮೊಲಗಳನ್ನೂ ಪೂರ್ತಿಯಾಗಿ ತೆರವುಗೊಳಿಸಿದ ಮೇಲೆ ಸಸಿಗಳು ಮತ್ತೆ ತಲೆಯೆತ್ತಿದವು. ಈಗ ಅದು ರಕ್ಷಿತ ಪ್ರದೇಶ, ಅನುಮತಿಯಿಲ್ಲದೆ ಕಾಲಿಡುವಂತಿಲ್ಲ.

ಬಾಲ್ಕನಿಯ ‘ಅರೆಕಾ ಪಾಮ್’ ಕೂಡ ನಮ್ಮ ಅಡಿಕೆಯಲ್ಲ. ಅದು ಮಡಗಾಸ್ಕರ್ ದ್ವೀಪದ ಪೂರ್ವ ಕರಾವಳಿಯದು. ಆ ದ್ವೀಪದಲ್ಲಿ ಸುಮಾರು 200 ಬಗೆಯ ತಾಳೆಗಳಿದ್ದು ಬಹುತೇಕ ಎಲ್ಲವೂ ಅಲ್ಲಿಗೇ ವಿಶಿಷ್ಟವಾದವು. ಇವುಗಳಲ್ಲಿ ನೂರಕ್ಕೆ 83ರಷ್ಟು ಅಳಿವಿನ ಭೀತಿಯಲ್ಲಿವೆ ಎಂದು 2012ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಪ್ರಕಟಿಸಿತು. ಕಾಡು ಕಡಿದು ಬೇಸಾಯ ಮಾಡುವುದೂ ಸುಳಿಯನ್ನು ತರಕಾರಿಯಾಗಿ ತಿನ್ನುವುದೂ ಇದಕ್ಕೆ ಮುಖ್ಯ ಕಾರಣಗಳು.

ಒಂಟಿ ಮರ, ಕಡಿದ ಮರ, ಉಳಿದ ಮರ

ಮಾರಿಷಸ್ಸಿನ ಕ್ಯೂರ್‌ಪಿಪ್ ಪಟ್ಟಣದ ಉದ್ಯಾನದಲ್ಲಿ ಬೇಲಿಯೊಳಗೆ ಒಂದು ತೆಳ್ಳನೆಯ ತಾಳೆಯಿದೆ. ಬಾಟಲ್ ಪಾಮಿನ ದಾಯಾದಿಯಾದ ಹೈಯೊಫೋರ್ಬೆ ಅಮರಿಕಾಲಿಸ್ ಎಂಬ ಈ ಪ್ರಭೇದದಲ್ಲಿ ಜಗತ್ತಿಗೆ ತಿಳಿದಿರುವುದು ಇದೊಂದೇ ಮರ. ಇದರಲ್ಲಿ ಗಂಡು ಹೂ ಮತ್ತು ಹೆಣ್ಣು ಹೂಗಳು ಬೇರೆ ಬೇರೆ ಕಾಲದಲ್ಲಿ ಅರಳುತ್ತವೆ. ಪ್ರಯೋಗಾಲಯದಲ್ಲಿ ಮೊಳೆಯಿಸಿದ ಸಸಿಗಳು ಮಣ್ಣಿಗಿಳಿದ ಮೇಲೆ ಬದುಕಲಿಲ್ಲ. ಅದನ್ನು ನೋಡಿಬಂದವರಿಗೆ ‘ಅಳಿವು’ ಎಂಬ ಮಾತಿನ ಅರ್ಥ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ ಇಂಥದೊಂದು ಕಥೆ ನಡೆದಿದೆ. ಬಂಗಾಳದ ‘ತಾಲಿ’ ತಾಳೆ, ಅಂದರೆ ಕೊರಿಫ ಟಲಿಯೆರ, ಬದುಕಿನಲ್ಲಿ ಒಂದೇ ಸಲ ಹೂಬಿಟ್ಟು ಸಾಯುವ ಜಾತಿ. ಕಾಡಿನಲ್ಲಿ ಉಳಿದಿದ್ದ ಕೊನೆಯ ಮರ ಶಾಂತಿನಿಕೇತನದ ಸಮೀಪದಲ್ಲಿತ್ತು. 1979ರಲ್ಲಿ ಅದು ಹೂಬಿಟ್ಟಾಗ, ನೆತ್ತಿಯ ಮೇಲೆದ್ದ ವಿಚಿತ್ರ ಆಕಾರವನ್ನು ಕಂಡ ಹಳ್ಳಿಗರು ದೆವ್ವದ ಮರವೆಂದು ಹೆದರಿ ಬೀಜ ಬಲಿಯುವ ಮುನ್ನವೇ ಕಡಿದುಹಾಕಿದರು. ಕಾಡಿನಲ್ಲಿ ಆ ಪ್ರಭೇದ ಅಲ್ಲಿಗೆ ಮುಗಿಯಿತು. ಅದೃಷ್ಟವಶಾತ್ ಢಾಕಾ ವಿಶ್ವವಿದ್ಯಾಲಯದ ಆವರಣದಲ್ಲಿ ಇನ್ನೊಂದು ಮರ ಉಳಿದಿತ್ತು. 2008ರಲ್ಲಿ ಅದು ಹೂಬಿಟ್ಟಾಗ ಯಾರೂ ಕೊಡಲಿ ಎತ್ತಲಿಲ್ಲ. ಮರ ತನ್ನ ನಿಯಮದಂತೆ ಒಣಗಿತು. ಬೀಜಗಳಿಂದ ಸಸಿಗಳು ಬೆಳೆದವು. ಎರಡು ಮರಗಳ ಸಾವಿನ ನಡುವಿನ ಅಂತರ ತಿಳಿವಳಿಕೆಯೊಂದೇ.

ತಾಳೆಪ್ರಿಯರ ಕುತೂಹಲ ಮರಕ್ಕೆ ಒಳಿತನ್ನೂ ಮಾಡಬಲ್ಲುದು. ಮಡಗಾಸ್ಕರಿನ ವಾಯವ್ಯ ಭಾಗದಲ್ಲಿ ಗೇರು ತೋಟವೊಂದರ ವ್ಯವಸ್ಥಾಪಕರಾಗಿದ್ದ ಕ್ಸೇವಿಯರ್ ಮೆಟ್ಜ್ ಕುಟುಂಬದೊಡನೆ ಅಡ್ಡಾಡುವಾಗ ದೈತ್ಯ ತಾಳೆಯೊಂದನ್ನು ಕಂಡರು. ಅದರ ಛಾಯಾಚಿತ್ರಗಳು ತಾಳೆಪ್ರಿಯರ ಕೈ ದಾಟಿ ಲಂಡನ್ನಿನ ಕ್ಯೂ ಉದ್ಯಾನದ ತಜ್ಞ ಜಾನ್ ಡ್ರಾನ್ಸ್‌ಫೀಲ್ಡರನ್ನು ತಲುಪಿದವು. ವಿಜ್ಞಾನಕ್ಕೆ ಅದು ಹೊಸ ಪ್ರಭೇದವಷ್ಟೇ ಅಲ್ಲ, ಹೊಸ ಕುಲವೇ ಆಗಿತ್ತು. ಮೆಟ್ಜರ ಮಗಳ ಹೆಸರಿನಿಂದ ಅದಕ್ಕೆ ‘ತಹಿನ’ ಎಂದು 2008ರಲ್ಲಿ ನಾಮಕರಣವಾಯಿತು. ಆಗ ಕಂಡುಬಂದದ್ದು ನೂರಕ್ಕೂ ಕಡಿಮೆ ಮರಗಳು. ಬೀಜಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸಿ ಉದ್ಯಾನಗಳಿಗೂ ಆಸಕ್ತರಿಗೂ ಹಂಚಲಾಯಿತು. ಮಾರಾಟದ ಹಣದಲ್ಲಿ ಪಾಲು ಸ್ಥಳೀಯ ಹಳ್ಳಿಗೆ ಸಂದಿತು. ಮರ ಉಳಿದರೆ ತಮಗೂ ಲಾಭ ಎಂಬುದು ಹಳ್ಳಿಗರಿಗೆ ಮನವರಿಕೆಯಾದದ್ದೇ ಅದರ ಕಾವಲು.

ನಮ್ಮ ಊರಿನ ಶ್ರೀತಾಳೆ

ಇಷ್ಟೆಲ್ಲವನ್ನೂ ನಾವು ಹೊರನಾಡ ಕನ್ನಡಿಗರ ಮುಂದಿಡಲು ಮತ್ತೊಂದು ಕಾರಣವಿದೆ. ಬಂಗಾಳದ ಆ ತಾಳೆಯ ಹತ್ತಿರದ ಬಂಧುವಾದ ಶ್ರೀತಾಳೆ ನಮ್ಮ ಕರಾವಳಿಯಲ್ಲಿಯೇ ಇದೆ. ತುಳುವರು ಇದನ್ನು ಪಣೋಲಿ ಎನ್ನುತ್ತಾರೆ. ಮಳೆಗಾಲದಲ್ಲಿ ಕೊಡೆಯಾಗಿ, ಮನೆಯ ಹೊದಿಕೆಯಾಗಿ ಬಳಕೆಯಾದ ಗರಿ ಇದರದು. ನಮ್ಮ ಪೂರ್ವಿಕರು ಕಾವ್ಯ, ಶಾಸ್ತ್ರ, ಲೆಕ್ಕಪತ್ರಗಳನ್ನು ಕಂಠದಿಂದ ಕೊರೆದ ಓಲೆಗಳಲ್ಲಿ ತೆಳುವಾದ, ಬಾಗಿದರೂ ಮುರಿಯದ ಉತ್ತಮ ಜಾತಿಯ ಓಲೆ ಶ್ರೀತಾಳೆಯದೇ. ಕನ್ನಡದ ಅಕ್ಷರಸಂಪತ್ತನ್ನು ಶತಮಾನಗಳ ಕಾಲ ಹೊತ್ತುತಂದ ಮರವಿದು.

ಶ್ರೀತಾಳೆ 30ರಿಂದ 80 ವರ್ಷ ಬೆಳೆದು ಒಂದೇ ಸಲ ಹೂಬಿಡುತ್ತದೆ. ನೆತ್ತಿಯಲ್ಲಿ ಆರೇಳು ಮೀಟರ್ ಎತ್ತರಕ್ಕೆ ಏಳುವ, ಲಕ್ಷಗಟ್ಟಲೆ ಹೂಗಳ ಆ ಗೊಂಚಲು ಸಸ್ಯಲೋಕದ ಅತಿ ದೊಡ್ಡ ಹೂಗೊಂಚಲು. ಕಾಯಿ ಬಲಿಯಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಆಮೇಲೆ ಮರ ಸಾಯುತ್ತದೆ. ಇದು ಹೂಬಿಟ್ಟರೆ ಊರಿಗೆ ಕೇಡು ಎಂಬ ನಂಬಿಕೆಯಿಂದ ಕರಾವಳಿಯಲ್ಲಿಯೂ ಮರವನ್ನು ಮೊದಲೇ ಕಡಿಯುವುದುಂಟು. ಶಾಂತಿನಿಕೇತನದ ಬಳಿ ನಡೆದದ್ದು ಇದೇ ಅಲ್ಲವೇ?

ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಹಿರಿಯರ ಜಾಗವಿದೆ. ವರ್ಷಕ್ಕೊಮ್ಮೆ ದೈವದ ಕೋಲಕ್ಕೋ ಮದುವೆ ಮುಂಜಿಗೋ ಹೋಗುತ್ತೇವೆ. ಜಾಗದ ಬದಿಯಲ್ಲಿ ನಿಂತ ಪಣೋಲಿ ಮರವನ್ನು ಕಡಿಯೋಣವೇ ಎಂದು ಊರಿನಿಂದ ಫೋನ್ ಬಂದಾಗ ‘ಒಂದು ವರ್ಷ ತಡೆಯಿರಿ, ಬೀಜ ಉದುರಲಿ’ ಎಂದು ಹೇಳಲು ಹಣ ಬೇಕಾಗಿಲ್ಲ. ಉದುರಿದ ಬೀಜಗಳಲ್ಲಿ ಹತ್ತನ್ನು ಅಲ್ಲಿಯೇ ನೆಡಿಸಿ, ಉಳಿದದ್ದನ್ನು ನೆರೆಯವರಿಗೂ ಶಾಲೆಗಳಿಗೂ ಕೊಡಬಹುದು. ನೆಟ್ಟವರು ಅದರ ಹೂವನ್ನು ಕಾಣಲಾರರು, ಮೊಮ್ಮಕ್ಕಳು ಕಂಡಾರು.

ಪ್ರವಾಸ ಹೋಗುವವರಿಗೂ ಒಂದೆರಡು ಮಾತು. ಮಾರಿಷಸ್, ಸೇಶೆಲ್ಸ್, ಶ್ರೀಲಂಕಾಗಳ ಪ್ರವಾಸದಲ್ಲಿ ಅರ್ಧ ದಿನವನ್ನು ತಾಳೆಗಳಿಗೆ ಮೀಸಲಿಡಿ. ಫಲಕದಲ್ಲಿ ಬರೆದಿರುವ ತವರಿನ ಹೆಸರನ್ನು ಮಕ್ಕಳಿಂದ ಓದಿಸಿ. ಬಿದ್ದ ಬೀಜವನ್ನು ಕಿಸೆಗೆ ಹಾಕಿಕೊಳ್ಳಬೇಡಿ. ಪರವಾನಗಿಯಿಲ್ಲದ ಕಡಲತೆಂಗನ್ನು ಸೇಶೆಲ್ಸಿನಿಂದ ಹೊರತರುವುದು ಅಪರಾಧ, ಮಣ್ಣು ಬೀಜಗಳೊಡನೆ ರೋಗಗಳೂ ಬರುತ್ತವೆ. ಅಷ್ಟು ದೂರ ಹೋಗಲಾಗದವರಿಗೆ ದೀವ್ ಮತ್ತು ಗುಜರಾತಿನ ಕರಾವಳಿಯಲ್ಲಿ ಕವಲೊಡೆದು ಬೆಳೆಯುವ ಅಪರೂಪದ ತಾಳೆ ಇದೆ. ಸಹ್ಯಾದ್ರಿಯ ಹಳ್ಳಗಳ ಬದಿಯಲ್ಲಿ ದಡಸಲು, ಕಾಡಡಿಕೆ, ಬೆತ್ತಗಳಿವೆ. ಊರಿಗೆ ಹೋಗುವ ದಾರಿಯಲ್ಲಿ ಘಟ್ಟ ಇಳಿಯುವಾಗ ವಾಹನ ನಿಲ್ಲಿಸಿ ನೋಡಿದರೆ ಸಾಕು, ತಾಳೆಯಾತ್ರೆ ಆರಂಭವಾದಂತೆ.