ಇಬ್ಬರು ವೈದ್ಯರು, ಎರಡು ವಲಸೆಗಳು

ದುಬೈನ ಊದ್ ಮೇಥಾ ಬಡಾವಣೆ ವಲಸಿಗರ ದೇವರುಗಳಿಗೆ ನೆಲೆ ಕೊಟ್ಟ ಸ್ಥಳ. ಇಂಡಿಯನ್ ಹೈಸ್ಕೂಲಿನ ಆಸುಪಾಸಿನಲ್ಲೇ ಸೇಂಟ್ ಮೇರೀಸ್ ಕ್ಯಾಥೊಲಿಕ್ ಚರ್ಚ್ ಇದೆ. 1967ರಲ್ಲಿ ಅದು ಆರಂಭವಾದದ್ದು ಅಂದಿನ ದೊರೆ ಶೇಖ್ ರಾಶಿದ್ ದಾನವಾಗಿ ಕೊಟ್ಟ ಜಾಗದಲ್ಲಿ. ಸಮೀಪದ ಹೋಲಿ ಟ್ರಿನಿಟಿ ಚರ್ಚಿನ ಸಭಾಂಗಣಗಳನ್ನು ಹಲವು ದೇಶಗಳ, ಹಲವು ಭಾಷೆಗಳ ಪ್ರೊಟೆಸ್ಟೆಂಟ್ ಸಭೆಗಳು ಸರದಿಯಂತೆ ಬಳಸುತ್ತವೆ. 2022ರ ಜನವರಿಯಲ್ಲಿ ವಾರದ ರಜೆ ಶನಿವಾರ ಮತ್ತು ಭಾನುವಾರಕ್ಕೆ ಬದಲಾಗುವವರೆಗೆ ಇಲ್ಲಿಯ ಕ್ರೈಸ್ತರಲ್ಲಿ ಹೆಚ್ಚಿನವರು ಶುಕ್ರವಾರವೇ ಆರಾಧನೆಗೆ ಸೇರುತ್ತಿದ್ದರು. ಆತಿಥೇಯ ನಾಡಿನ ವಾರಕ್ಕೆ ಅತಿಥಿಗಳು ತಮ್ಮ ದೇವರ ದಿನವನ್ನು ಹೊಂದಿಸಿಕೊಂಡಿದ್ದರು.

ಇದಕ್ಕೆ ತದ್ವಿರುದ್ಧವಾದ ವಲಸೆಯೊಂದು ಚರಿತ್ರೆಯಲ್ಲಿದೆ. ಇಂಗ್ಲೆಂಡಿನ ಚರ್ಚು ಸಾಕಷ್ಟು ಶುದ್ಧಿಯಾಗಿಲ್ಲವೆಂದು ಅಸಮಾಧಾನಗೊಂಡ ಪ್ಯೂರಿಟನ್ನರು ಹದಿನೇಳನೆಯ ಶತಮಾನದಲ್ಲಿ ಅಮೆರಿಕೆಗೆ ಹೊರಟರು. ಅವರಲ್ಲಿ ಅತಿ ನಿಷ್ಠುರರಾದ ಒಂದು ಗುಂಪು ಮೊದಲು ಹಾಲೆಂಡಿನ ಲೈಡನ್ ನಗರದಲ್ಲಿ ಹನ್ನೊಂದು ವರ್ಷಗಳಷ್ಟು ಕಾಲ ನೆಲೆಸಿತ್ತು. ಅಲ್ಲಿ ಆರಾಧನೆಗೆ ಅಡ್ಡಿಯಿರಲಿಲ್ಲ, ದುಡಿಮೆಯೂ ಇತ್ತು. ಆದರೂ ಮಕ್ಕಳು ಡಚ್ಚರ ರೀತಿನೀತಿಗಳಿಗೆ ಒಲಿಯುತ್ತಿದ್ದಾರೆಂಬ ಆತಂಕ ತಂದೆತಾಯಿಯರನ್ನು ಕಾಡಿತು. 1620ರಲ್ಲಿ ಮೇಫ್ಲವರ್ ಹಡಗು ಏರಿದ 102 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಪ್ಲಿಮತ್‌ನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು.

ಆ ಹಡಗಿನಲ್ಲಿದ್ದ ಸ್ಯಾಮ್ಯುಯೆಲ್ ಫುಲ್ಲರ್ ಎಂಬಾತ ನನ್ನ ಗಮನ ಸೆಳೆಯುತ್ತಾನೆ. ಲೈಡನ್‌ನಲ್ಲಿ ನೇಯ್ಗೆಯವನಾಗಿದ್ದ ಆತ ಪ್ಲಿಮತ್‌ನಲ್ಲಿ ಚರ್ಚಿನ ಸೇವಕನೂ ಹೌದು, ಊರಿನ ವೈದ್ಯನೂ ಹೌದು. 1630ರಲ್ಲಿ ಜಾನ್ ವಿನ್‌ಥ್ರಾಪ್‌ನ ಮುಂದಾಳತ್ವದಲ್ಲಿ ಹನ್ನೊಂದು ಹಡಗುಗಳು ಸುಮಾರು 700 ಜನರನ್ನು ಮೆಸಾಚುಸೆಟ್ಸ್‌ಗೆ ಕರೆತಂದಾಗ, ಅವರ ರೋಗಿಗಳನ್ನು ನೋಡಲು ಹೋದ ಫುಲ್ಲರ್ ಸುಮಾರು ಇಪ್ಪತ್ತು ಮಂದಿಗೆ ರಕ್ತ ತೆಗೆದದ್ದಾಗಿ ಪತ್ರದಲ್ಲಿ ತಿಳಿಸಿದ್ದಾನೆ. ದೀರ್ಘ ಪಯಣದಿಂದ ಬಳಲಿದವರಿಗೆ ಅದು ಚಿಕಿತ್ಸೆಯಲ್ಲ, ಇನ್ನಷ್ಟು ಬಳಲಿಕೆ. ಆದರೆ ಅಂದಿನ ವೈದ್ಯಶಾಸ್ತ್ರ ಬಲ್ಲದ್ದು ಅಷ್ಟೇ. 1633ರ ಸಾಂಕ್ರಾಮಿಕ ರೋಗಕ್ಕೆ ಆತನೂ ಬಲಿಯಾದ.

ಇದೇ ದಶಕದಲ್ಲಿ ಇಂಗ್ಲಿಷರು ನಮ್ಮ ಕರಾವಳಿಗೂ ಬಂದರು. ಕೋರ್ಟೀನ್ ಕಂಪನಿಯ ಹಡಗುಗಳು 1637ರಲ್ಲಿ ಭಟ್ಕಳ ಮುಟ್ಟಿದವು. ಅವುಗಳಲ್ಲಿ ಬಂದಿದ್ದ ಪೀಟರ್ ಮಂಡಿ ಎಂಬ ಪ್ರವಾಸಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ, ವೀರಭದ್ರನಾಯಕನ ರಾಜಧಾನಿಯನ್ನು ಕಂಡು ಬರೆದಿಟ್ಟಿದ್ದಾನೆ. ನಾಯಕನ ಅನುಮತಿಯಿಂದ ಕಾಳುಮೆಣಸಿನ ವ್ಯಾಪಾರಕ್ಕಾಗಿ ಭಟ್ಕಳದಲ್ಲಿ ಕೋಠಿಯೊಂದು ತೆರೆಯಿತು; ಮರುವರ್ಷ ಕಾರವಾರದಲ್ಲಿ ಇನ್ನೊಂದು. 1883ರ ಕೆನರಾ ಜಿಲ್ಲಾ ಗೆಜೆಟಿಯರ್ ಭಟ್ಕಳದ ಮೂರು ಇಂಗ್ಲಿಷ್ ಗೋರಿಗಳನ್ನು ದಾಖಲಿಸಿದೆ. ಜಾರ್ಜ್ ವೈ ಮತ್ತು ಆಂಟನಿ ವರ್ನ್‌ವರ್ದಿ ಎಂಬ ವರ್ತಕರು 1637ರಲ್ಲಿ, ವಿಲಿಯಂ ಬಾರ್ಟನ್ ಎಂಬ ಶಸ್ತ್ರವೈದ್ಯ 1638ರಲ್ಲಿ ಮಡಿದವರು. ಹೀಗೆ ಐದು ವರ್ಷಗಳ ಅಂತರದಲ್ಲಿ ಇಬ್ಬರು ಇಂಗ್ಲಿಷ್ ವೈದ್ಯರು ಪರದೇಶದ ಮಣ್ಣು ಸೇರಿದರು. ಫುಲ್ಲರ್‌ನ ಹೆಂಡತಿ 1623ರಲ್ಲೇ ಬಂದು ಅವನನ್ನು ಕೂಡಿಕೊಂಡಿದ್ದಳು. ಅವನ ಹಿಂದೆ ಮಕ್ಕಳೂ ಒಂದು ಸಭೆಯೂ ಉಳಿದವು. ಬಾರ್ಟನ್‌ನ ಹಿಂದೆ ಉಳಿದು ನಮಗೆ ಸಿಗುವುದು ಒಂದು ಕಲ್ಲು.

ಈ ವ್ಯತ್ಯಾಸಕ್ಕೆ ಕಾರಣ ಸ್ಪಷ್ಟ. ಭಟ್ಕಳಕ್ಕೆ ಬಂದವರು ಸರಕಿಗಾಗಿ ಬಂದ ಒಂಟಿ ಗಂಡಸರು. ಮೆಸಾಚುಸೆಟ್ಸ್‌ಗೆ ಹೋದವರು ಹೆಂಡತಿ, ಮಕ್ಕಳು, ಬೋಧಕರ ಸಮೇತ ಹೋದರು. ಊರಿನ ನಡುವೆ ಸಭಾಮಂದಿರ ಕಟ್ಟಿ ಭಾನುವಾರ ಎರಡು ಹೊತ್ತು ದೀರ್ಘ ಪ್ರವಚನ ಕೇಳುತ್ತಿದ್ದರು. 1636ರಲ್ಲಿ ಹಾರ್ವರ್ಡ್ ಕಾಲೇಜು ಸ್ಥಾಪಿಸಿದರು. ಐವತ್ತು ಮನೆಗಳಿರುವ ಪ್ರತಿ ಊರೂ ಓದುಬರಹ ಕಲಿಸಲು ಒಬ್ಬ ಉಪಾಧ್ಯಾಯನನ್ನು ನೇಮಿಸಬೇಕೆಂದು 1647ರಲ್ಲಿ ಕಾನೂನು ಮಾಡಿದರು.

ಆದರೆ ಆ ನೆಲೆಯ ಬೆಲೆಯನ್ನು ಇತರರು ತೆತ್ತರು. 1616ರಿಂದ 1619ರವರೆಗಿನ ಸಾಂಕ್ರಾಮಿಕದಲ್ಲಿ ಮೂಲನಿವಾಸಿಗಳ ಊರುಗಳು ಬರಿದಾಗಿದ್ದವು. ಖಾಲಿಯಾದ ಆ ಹೊಲಗಳನ್ನು ಹೊಸಬರು ದೇವರ ಕೃಪೆಯೆಂದು ಭಾವಿಸಿದರು. ಭಟ್ಕಳದ ಕೋಠಿ ತೆರೆದ 1637ರಲ್ಲೇ ಅವರು ಪೀಕ್ವಾಟ್ ಬುಡಕಟ್ಟಿನ ಮಿಸ್ಟಿಕ್ ಹಳ್ಳಿಗೆ ಬೆಂಕಿಯಿಟ್ಟು ನೂರಾರು ಜನರನ್ನು ಕೊಂದರು. ತಮ್ಮ ನಂಬಿಕೆಗಾಗಿ ದೇಶ ಬಿಟ್ಟವರು ಇನ್ನೊಬ್ಬರ ನಂಬಿಕೆಯನ್ನು ಸಹಿಸಲಿಲ್ಲ. ರೋಜರ್ ವಿಲಿಯಮ್ಸ್‌ನನ್ನು ಗಡಿಪಾರು ಮಾಡಿದರು, ಮೇರಿ ಡಯರ್ ಎಂಬ ಕ್ವೇಕರ್ ಮಹಿಳೆಯನ್ನು 1660ರಲ್ಲಿ ಬಾಸ್ಟನ್‌ನಲ್ಲಿ ಗಲ್ಲಿಗೇರಿಸಿದರು. ಕ್ರಿಸ್‌ಮಸ್ ಆಚರಿಸಿದವರಿಗೆ 1659ರಿಂದ 1681ರವರೆಗೆ ಐದು ಶಿಲ್ಲಿಂಗ್ ದಂಡವಿತ್ತು.

ಕೊಲ್ಲಿಗೆ ಬರುವ ಕನ್ನಡಿಗನ ಸ್ಥಿತಿ ಬಾರ್ಟನ್‌ನದಕ್ಕೆ ಹತ್ತಿರ. ಒಂದು ಕಾಲಕ್ಕೆ ಅರಬ್ಬರು ವ್ಯಾಪಾರಕ್ಕೆ ಬರುತ್ತಿದ್ದ ಅದೇ ಭಟ್ಕಳದಿಂದ ಇಂದು ಅನೇಕ ನವಾಯತ ಕುಟುಂಬಗಳು ದುಬೈಗೆ ಬಂದು ಬದುಕು ಕಟ್ಟಿಕೊಂಡಿವೆ. ಆದರೂ ಇಲ್ಲಿ ನಾವು ಅನುಮತಿಯ ಮೇಲೆ ಇರುವವರು. ಇಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಕ್ಕಳಿಗೆ ಪೌರತ್ವ ಸಿಗುವುದಿಲ್ಲ. ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಂ, ಇಲ್ಲವೇ ವಸತಿಯೊಂದಿಗೆ 3,000 ದಿರ್ಹಂ ಸಂಬಳವಿರಬೇಕು. ಅದಕ್ಕಿಂತ ಕಡಿಮೆ ದುಡಿಯುವವರು ವರ್ಷಗಟ್ಟಲೆ ಒಂಟಿಯಾಗಿಯೇ ಇರುತ್ತಾರೆ. ನನ್ನ ಬಳಿ ಬರುವ ಇಂಥವರಲ್ಲಿ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಬಹಳ ಕಾಲ ಗೊತ್ತಾಗದೇ ಉಳಿದಿರುತ್ತವೆ. ಹೊತ್ತಿಗೆ ಊಟ ಮಾಡಿದೆಯಾ, ಮುಖವೇಕೆ ಬಾಡಿದೆ ಎಂದು ಕೇಳುವವರು ಅವರ ಕೋಣೆಯಲ್ಲಿ ಇರುವುದಿಲ್ಲ. ಹೊರಡಲು ಸಿದ್ಧರಾದ ಯುವಕರು ಸಂಬಳದ ಅಂಕಿಯ ಜೊತೆಗೆ ಈ ಲೆಕ್ಕವನ್ನೂ ಹಾಕಬೇಕು. ಊರಲ್ಲಿರುವ ಬಂಧುಗಳು ಫೋನಿನಲ್ಲಿ ಹಣದ ಮಾತಿಗಿಂತ ಮೊದಲು ಆರೋಗ್ಯದ ಮಾತು ಎತ್ತಿದರೆ ಒಳಿತು.

ಕುಟುಂಬದೊಂದಿಗೆ ಇರುವವರಿಗೆ ಲೈಡನ್‌ನ ಆತಂಕ ಕಾದಿರುತ್ತದೆ. ನೆಲ ತಮ್ಮದೇ ಆದ ಮೇಲೂ ಪ್ಯೂರಿಟನ್ನರಿಗೆ ಅದು ತಪ್ಪಲಿಲ್ಲ. ಹಿರಿಯರ ಧರ್ಮಾನುಭವ ಮಕ್ಕಳಲ್ಲಿ ಕಾಣದೆ ಹೋದಾಗ, 1662ರಲ್ಲಿ ಬಾಸ್ಟನ್‌ನಲ್ಲಿ ಸೇರಿದ ಬೋಧಕರು ಸದಸ್ಯತ್ವದ ನಿಯಮವನ್ನೇ ಸಡಿಲಿಸಿ, ಮೊಮ್ಮಕ್ಕಳ ದೀಕ್ಷಾಸ್ನಾನಕ್ಕೆ ಅವಕಾಶ ಕೊಟ್ಟರು. ಮೊಮ್ಮಕ್ಕಳ ಕನ್ನಡ ತೊದಲುತ್ತದೆಂದು ಕೊರಗುವ ಅಜ್ಜ ಅಜ್ಜಿಯರು ಇದನ್ನು ನೆನೆಯಬಹುದು. ದುಬೈನಲ್ಲಿ ಕನ್ನಡ ಸ್ವಯಂಸೇವಕರು ವಾರಾಂತ್ಯದ ಪಾಠಶಾಲೆ ನಡೆಸುತ್ತಿದ್ದಾರೆ. ಅಲ್ಲಿ ತಪ್ಪು ತಪ್ಪಾಗಿ ಕಾಗುಣಿತ ಬರೆಯುವ ಮಗುವನ್ನು ಗದರಿಸದೆ ಒಳಗೆ ಸೇರಿಸಿಕೊಳ್ಳುವುದೇ ಜಾಣತನ. ಯಾರ ನೆಲವನ್ನೂ ಕಸಿಯದೆ, ಯಾರ ದೇವರನ್ನೂ ಹೀಗಳೆಯದೆ ಪರದೇಶದಲ್ಲಿ ನಾವು ಕಟ್ಟಬಹುದಾದ ಶಾಲೆ ಅದು.